ಬುತ್ತಿಯ ಗಂಟು ಬಿಚ್ಚಿದಾಗ

ನೀವು ಕೊನೆಯ ಬಾರಿ ಮನೆಮಂದಿಯೆಲ್ಲ ಸೇರಿ ಪಿಕ್‌ನಿಕ್ಕಿಗೆ ಹೋದದ್ದು ಯಾವಾಗ? ಆ ದಿನ ಏನು ತಿಂದಿರಿ? ಅದನ್ನು ಕಟ್ಟಿಕೊಟ್ಟವರು ಯಾರು? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಕೂಡಲೇ ಹೊಳೆಯುತ್ತದೆ. ಮೂರನೆಯದಕ್ಕೆ ಬಂದಾಗ ಸ್ವಲ್ಪ ತಡವರಿಸುತ್ತೇವೆ. ಈ ಲೇಖನ ಆ ಮೂರನೆಯ ಪ್ರಶ್ನೆಯನ್ನು ಮುಟ್ಟಲು ಒಂದಿಷ್ಟು ಸುತ್ತುದಾರಿ ಹಿಡಿಯುತ್ತದೆ. ದಯವಿಟ್ಟು ಜೊತೆಗೆ ಬನ್ನಿ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಸೀಮೆಯ ಊಟೋಪಚಾರದ ಕುರಿತು ಒಂದು ಮಾತುಕತೆ ಕಾರ್ಯಕ್ರಮವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳೆಯ ಕಾಲದ ಬುತ್ತಿಯೊಂದನ್ನು ಕ್ಯಾಮರಾದ ಮುಂದೆ ಕಟ್ಟಿ ತೋರಿಸಬೇಕೆಂದು ಅಮ್ಮನನ್ನು ಕೇಳಿಕೊಂಡೆ. ಎಪ್ಪತ್ತು ದಾಟಿದ ಅಮ್ಮ ಎಷ್ಟು ಜನಕ್ಕೆ, ಏನೇನು ಸಾಮಾನು ಎಂದು ಕೇಳಬಹುದೆಂದು ಕಾಗದ ಪೆನ್ನು ಹಿಡಿದು ಕುಳಿತಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಎಷ್ಟು ಹೊತ್ತಿಗೆ ಬಿಚ್ಚುವುದು?"

ಕಾಲೇಜಿನಲ್ಲಿ ವಿಜ್ಞಾನ ಓದಿದ ನನಗೆ ಆ ಪ್ರಶ್ನೆಯ ತೂಕ ತಿಳಿಯಲು ಒಂದು ಗಳಿಗೆ ಬೇಕಾಯಿತು. ಬುತ್ತಿಯಲ್ಲಿ ಏನಿರಬೇಕೆಂಬುದನ್ನು ತೀರ್ಮಾನಿಸುವುದು ಮೊದಲಿಗೆ ನಾಲಗೆಯ ರುಚಿ ಅಲ್ಲ. ಒಲೆಯಿಂದ ಇಳಿಸಿದ ಅನ್ನ ಬಾಯಿಗೆ ಬರುವವರೆಗಿನ ಗಂಟೆಗಳ ಲೆಕ್ಕ. ಆ ಗಂಟೆಗಳನ್ನು ತೀರ್ಮಾನಿಸುವುದು ದಾರಿ. ದಾರಿ ಬದಲಾದ ಹಾಗೆಲ್ಲ ನಮ್ಮ ಬುತ್ತಿ ಬದಲಾಗಿದೆ. ಈ ಮೂರು ಊರುಗಳ ನಡುವಿನ ನಾಲ್ಕು ತಲೆಮಾರಿನ ಊಟದ ಚರಿತ್ರೆಯನ್ನು ಅಮ್ಮನ ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಹೇಳಬಹುದು.

ಪಿಕ್‌ನಿಕ್ ಎಂಬ ಹೆಸರಿಗೂ ಮೊದಲು

ಪಿಕ್‌ನಿಕ್ ಎಂಬುದು ಯುರೋಪಿನಿಂದ ಬಂದ ಶಬ್ದ. ಬರೀ ಸಂತೋಷಕ್ಕೆಂದು ಊಟ ಕಟ್ಟಿಕೊಂಡು ಗುಡ್ಡಕ್ಕೋ ಹೊಳೆಬದಿಗೋ ಹೊರಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಮನೆಯ ಹೆಂಗಸರು ಮಕ್ಕಳು ಹೊಸ್ತಿಲು ದಾಟಲು ಒಂದು ನೆಪ ಬೇಕಿತ್ತು. ಆ ನೆಪವನ್ನು ದೇವರು ಒದಗಿಸುತ್ತಿದ್ದ.

ಬಂಟ್ವಾಳ ತಾಲೂಕಿನ ಕಾರಿಂಜದ ಬೆಟ್ಟ ಮತ್ತು ನರಹರಿ ಪರ್ವತಗಳಿಗೆ ಆಟಿ ಅಮಾವಾಸ್ಯೆಯ ದಿನ ತೀರ್ಥಸ್ನಾನಕ್ಕೆ ಹೋಗುವುದು, ಪೊಳಲಿಯ ಜಾತ್ರೆಗೆ ಹೋಗಿ ಮರಳುವಾಗ ಬಚ್ಚಂಗಾಯಿ, ಅಂದರೆ ಕಲ್ಲಂಗಡಿ ಹಣ್ಣು, ಹೊತ್ತು ತರುವುದು, ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪ, ವೇಣೂರಿನ ಗೊಮ್ಮಟನ ದರ್ಶನ, ಚಳಿಗಾಲದ ಕಂಬಳ, ಇವೇ ನಮ್ಮ ಹಿರಿಯರ ಹೊರಸಂಚಾರಗಳು. ಆಟಿ ಅಮಾವಾಸ್ಯೆಯಂದು ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ, ಅದರ ಮೇಲೆ ಮೆಂತ್ಯದ ಗಂಜಿ. ಬೆಟ್ಟ ಹತ್ತುವವರಿಗೆ ಹೊಟ್ಟೆ ತಣ್ಣಗಿರಲಿ ಎಂಬುದು ಹಿರಿಯರ ಲೆಕ್ಕ.

ಇನ್ನು ಕಾರ್ತಿಕ ಮಾಸದ ವನಭೋಜನ. ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನಗಳಲ್ಲಿ ದೇವರನ್ನು ಪಲ್ಲಕ್ಕಿಯಲ್ಲಿ ವನಕ್ಕೆ ಕರೆದೊಯ್ದು, ನೆಲ್ಲಿಯ ಮರಕ್ಕೆ ಪೂಜೆ ಸಲ್ಲಿಸಿ, ಅಲ್ಲೇ ಸಾಲಾಗಿ ಕುಳಿತು ಉಣ್ಣುವ ಸಂಪ್ರದಾಯ ಇಂದಿಗೂ ಉಳಿದಿದೆ. ಬಂಟ್ವಾಳದಲ್ಲೂ ಮೂಡುಬಿದಿರೆಯಲ್ಲೂ ಈ ಸಮಾಜದ ಹಳೆಯ ದೇವಸ್ಥಾನಗಳಿವೆ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಿ. ವನಭೋಜನದಲ್ಲಿ ಒಲೆ ನಮ್ಮ ಜೊತೆ ಹೋಗುತ್ತದೆ. ಬುತ್ತಿಯಲ್ಲಿ ಊಟ ಮಾತ್ರ ಹೋಗುತ್ತದೆ, ಒಲೆ ಮನೆಯಲ್ಲೇ ಉಳಿಯುತ್ತದೆ. ವನಭೋಜನದ ಅಡುಗೆಗೆ ಕೆಡುವ ಹೆದರಿಕೆಯಿಲ್ಲ. ಪಾಯಸ, ತೆಂಗಿನಕಾಯಿ ಅರೆದ ಸಾಂಬಾರು ಎಲ್ಲ ನಡೆಯುತ್ತದೆ. ಆದರೆ ಅದಕ್ಕೆ ಪಾತ್ರೆ, ಸೌದೆ, ಆಳು, ಅಡುಗೆಯವರು ಬೇಕು. ಅದು ಸಮಾಜದ ಕೆಲಸ. ಒಂದು ಸಂಸಾರ ತಾನಾಗಿ ಹೊರಟರೆ ಅದಕ್ಕೆ ಬುತ್ತಿಯೇ ಗತಿ.

ಇನ್ನೊಂದನ್ನೂ ಮರೆಯಬಾರದು. ಊರಿನ ಎಲ್ಲರೂ ಹೀಗೆ ಹೊರಡುತ್ತಿರಲಿಲ್ಲ. ಗೇಣಿ ಕೊಟ್ಟು ಗದ್ದೆ ಮಾಡುತ್ತಿದ್ದ ಒಕ್ಕಲುಗಳಿಗೆ, ಕೂಲಿಯಾಳುಗಳಿಗೆ ವರ್ಷದಲ್ಲಿ ಬಿಡುವು ಸಿಗುತ್ತಿದ್ದುದು ಎಣಿಸಿದಷ್ಟು ದಿನ. ಅವರು ಅಡಿಕೆ ಹಾಳೆಯನ್ನು ಮಡಚಿ ಮಾಡಿದ ಪಾತ್ರೆಯಲ್ಲಿ ಗಂಜಿ ಉಣ್ಣುತ್ತಿದ್ದದ್ದು ಗದ್ದೆಯ ಬದಿಯಲ್ಲಿ, ಇಲ್ಲವೆ ಧಣಿಗಳ ಅಂಗಳದಾಚೆ. ಹೊರಗೆ ಕುಳಿತು ಉಣ್ಣುವುದು ಅವರಿಗೆ ವಿನೋದವಾಗಿರಲಿಲ್ಲ.

ಎಲೆಯಲ್ಲಿ ಕಟ್ಟಿದ ಊಟ

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಈ ಸೀಮೆಯನ್ನು ಸುತ್ತಿದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಅವನ ದಾರಿಯಲ್ಲಿದ್ದ ಊರುಗಳು. ಅವನ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಕಾಲಕ್ಕೆ ಇಲ್ಲಿ ಭಾರ ಸಾಗುತ್ತಿದ್ದುದು ನೇತ್ರಾವತಿಯಲ್ಲಿ ದೋಣಿಯ ಮೇಲೆ, ನೆಲದಲ್ಲಿ ಎತ್ತಿನ ಬೆನ್ನಿನ ಮೇಲೆ ಅಥವಾ ಆಳಿನ ತಲೆಯ ಮೇಲೆ. ಬಂಟ್ವಾಳ ಪೇಟೆ ಬೆಳೆದದ್ದೇ ಹೊಳೆಯ ದೋಣಿ ವ್ಯಾಪಾರದಿಂದ. ಎತ್ತಿನ ಗಾಡಿ ಹೋಗುವ ರಸ್ತೆಗಳು ಬಲವಾದದ್ದು ಆಮೇಲೆ.

ಗಾಡಿಯ ಲೆಕ್ಕ ಹಾಕೋಣ. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆಗೆ 25ರಿಂದ 30 ಕಿಲೋಮೀಟರು. ಏರು ತಗ್ಗಿನ ದಾರಿಯಲ್ಲಿ ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರು ಸಾಗುತ್ತದೆ. ಎಂದರೆ ಒಂದು ಹಗಲು ಪೂರಾ. ಕೋಳಿ ಕೂಗುವ ಹೊತ್ತಿಗೆ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಇನ್ನೊಮ್ಮೆ ಬಿಚ್ಚಬೇಕು. ಸೆಕೆಯ ನಾಡಿನಲ್ಲಿ ಹದಿನಾಲ್ಕು ಗಂಟೆ ಕೆಡದೆ ಇರಬೇಕು. ಅಜ್ಜಿಯ ಕಾಲದ ಬುತ್ತಿ ಈ ಸವಾಲಿಗೆ ಕೊಟ್ಟ ಉತ್ತರ.

ಮೊದಲನೆಯದು ಅವಲಕ್ಕಿ, ತುಳುವಿನಲ್ಲಿ ಬಜಿಲ್. ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಮಾಡಿದ ಅವಲಕ್ಕಿ ಆಗಲೇ ಅರ್ಧ ಬೆಂದ ಪದಾರ್ಥ. ಅದರಲ್ಲಿ ತೇವಾಂಶ ತೀರಾ ಕಡಿಮೆ ಆದುದರಿಂದ ಸೂಕ್ಷ್ಮಜೀವಿಗಳು ಬೆಳೆಯಲಾರವು. ತಿಂಗಳುಗಟ್ಟಲೆ ಇಟ್ಟರೂ ಕೆಡದು. ದಾರಿಯಲ್ಲಿ ಬಾವಿಯ ನೀರು ಚಿಮುಕಿಸಿ ಬೆಲ್ಲ ಬೆರೆಸಿದರೆ ಊಟ ಸಿದ್ಧ. ಗಂಟಿನಲ್ಲಿ ತೆಂಗಿನಕಾಯಿಯೂ ಇರುತ್ತಿತ್ತು, ಆದರೆ ಇಡಿಯಾಗಿ. ಒಡೆಯುವುದು, ಚೂರು ಮಾಡುವುದು ಊಟದ ಹೊತ್ತಿನಲ್ಲೇ. ತುರಿದ ಕಾಯಿಯಲ್ಲಿ ನೀರೂ ಸಿಹಿಯೂ ಕೊಬ್ಬೂ ಇರುವುದರಿಂದ ಸೆಕೆಗೆ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಎರಡನೆಯದು ಕೊಟ್ಟಿಗೆ ಮತ್ತು ಮೂಡೆ. ಹಲಸಿನ ಎಲೆಯ ದೊನ್ನೆಯಲ್ಲೋ ಮುಂಡೇವಿನ ಎಲೆಯ ಸುರುಳಿಯಲ್ಲೋ ಅಕ್ಕಿ ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ ಕಡುಬು ಇದು. ರಾತ್ರಿಯೆಲ್ಲ ಹುದುಗಿದ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಆ ಹುಳಿಯೇ ಕಡುಬಿನ ಕಾವಲುಗಾರ. ಎಲೆಯ ಹೊದಿಕೆ ಬೇರೆ ಇದೆ; ಕೈ ತಾಗದ ಕಡುಬು ಮರುದಿನಕ್ಕೂ ತಿನ್ನಲು ಬರುತ್ತದೆ. ಜೊತೆಗೆ ನೀರು ಸೇರಿಸದೆ ಕುಟ್ಟಿದ ಒಣ ಚಟ್ನಿ, ಉಪ್ಪಿನಲ್ಲಿ ಮುಳುಗಿದ ಮಾವಿನ ಮಿಡಿ, ಹುಣಿಸೆಯ ಗೊಜ್ಜು ಕಲಸಿದ ಅನ್ನ, ಹಲಸಿನ ಹಪ್ಪಳ. ಉಪ್ಪು, ಹುಳಿ, ಒಣಗಿಸುವುದು ಮತ್ತು ಹುದುಗಿಸುವುದು: ಆಹಾರ ವಿಜ್ಞಾನದ ಪುಸ್ತಕಗಳು ಹೇಳುವ ಈ ನಾಲ್ಕೂ ಉಪಾಯಗಳು ಒಂದೇ ಗಂಟಿನಲ್ಲಿದ್ದವು.

ಅದನ್ನು ಕಟ್ಟುತ್ತಿದ್ದುದು ಬಾಳೆ ಎಲೆಯಲ್ಲಿ. ಹಸಿ ಎಲೆಯನ್ನು ಮಡಚಿದರೆ ಸೀಳುತ್ತದೆ. ಕೆಂಡದ ಮೇಲೆ ಹಿಡಿದು ಬಾಡಿಸಿದರೆ ಬಟ್ಟೆಯ ಹಾಗೆ ಬಗ್ಗುತ್ತದೆ. ಬಾಳೆಯ ನಾರಿನಿಂದ ಬಿಗಿದು, ಹೊರಗೆ ಒಂದು ಹಾಳೆ ಸುತ್ತಿದರೆ ಮಳೆಗೂ ಹೆದರಬೇಕಿಲ್ಲ. ಉಂಡಾದ ಮೇಲೆ ಎಲೆ ದನಕ್ಕೆ, ನಾರು ಮಣ್ಣಿಗೆ.

ಮನೆಮನೆಗೆ ಪದಾರ್ಥ ಬೇರೆ, ಉಪಾಯ ಒಂದೇ. ಮೀನು ತಿನ್ನುವ ಮನೆಗಳಲ್ಲಿ ಸುಟ್ಟ ಒಣಮೀನಿನ ಚಟ್ನಿ. ಕ್ರೈಸ್ತರ ಮನೆಯಲ್ಲಿ ಸನ್ನ, ಅದರೊಂದಿಗೆ ವಿನೆಗರ್ ಹಾಕಿ ಬೇಯಿಸಿದ ಮಾಂಸ. ಬ್ಯಾರಿಗಳ ಮನೆಯಲ್ಲಿ ತೆಳ್ಳಗಿನ ಅಕ್ಕಿ ರೊಟ್ಟಿಗೆ ನೀರಿಲ್ಲದಂತೆ ಹುರಿದ ಮಾಂಸ. ಮೂಡುಬಿದಿರೆ, ವೇಣೂರು ಕಡೆಯ ಜೈನರಿಗೆ ಮತ್ತೊಂದು ಗಡಿಯಾರವಿತ್ತು: ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಹಾಗಾಗಿ ಅವರ ಪ್ರಯಾಣದ ತಂಗುದಾಣಗಳೂ ಆ ಲೆಕ್ಕಕ್ಕೆ ಸರಿಯಾಗಿ ಇರಬೇಕಾಗಿತ್ತು.

ಈ ಹಳೆಯ ಬುತ್ತಿಯೂ ಅನಾದಿ ಕಾಲದ್ದಲ್ಲ ಎಂಬುದನ್ನು ನೆನಪಿಡಿ. ಚಟ್ನಿಯ ಒಣಮೆಣಸು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಈ ತೀರಕ್ಕೆ ಬಂದದ್ದು. ಅನಾನಸು, ಗೇರು ಕೂಡ ಹಾಗೆಯೇ. ಅದಕ್ಕೂ ಮೊದಲಿನ ಬುತ್ತಿಗೆ ಖಾರ ಕೊಡುತ್ತಿದ್ದುದು ಘಟ್ಟದ ಕರಿಮೆಣಸು. ಪರಂಪರೆ ಎಂದು ನಾವು ಕರೆಯುವುದೂ ಒಂದು ಕಾಲಕ್ಕೆ ಹೊಸತೇ ಆಗಿತ್ತು.

ಬಸ್ಸು ಬಂತು, ತೆಂಗಿನ ತುರಿ ಬಂತು

1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., ಮಂಗಳೂರಿನಿಂದ ಬಂಟ್ವಾಳಕ್ಕೆ ಬಸ್ಸು ಓಡಿಸಿತು. ಜಿಲ್ಲೆಯ ಬಸ್ಸು ಸಾರಿಗೆ ಆರಂಭವಾದದ್ದು ಹೀಗೆ. ಹೊಳೆಗಳಿಗೆ ಸೇತುವೆಗಳು ಒಂದೊಂದಾಗಿ ಬಂದ ಹಾಗೆ ಬಸ್ಸು ಒಳನಾಡಿಗೂ ತಲುಪಿತು. ಒಂದು ಹಗಲಿನ ದಾರಿ ಒಂದೆರಡು ಗಂಟೆಗೆ ಇಳಿಯಿತು. ಬೆಳಗ್ಗೆ ಏಳಕ್ಕೆ ಕಟ್ಟಿದ್ದನ್ನು ಹನ್ನೆರಡಕ್ಕೆ ಬಿಚ್ಚಬಹುದಾಯಿತು.

ಗಂಟೆಗಳು ಕಡಿಮೆಯಾದ ಕೂಡಲೇ ಬುತ್ತಿಯೊಳಗೆ ತೆಂಗಿನ ತುರಿ ಧೈರ್ಯವಾಗಿ ಕಾಲಿಟ್ಟಿತು. ಇಡ್ಲಿಗೆ ಕಾಯಿ ಚಟ್ನಿ, ಕಾಯಿ ಉದುರಿಸಿದ ಚಿತ್ರಾನ್ನ, ಒಗ್ಗರಣೆ ಅವಲಕ್ಕಿ. ಅವಲಕ್ಕಿಗೆ ಜೊತೆಗಾರನಾಗಿ ಸಜ್ಜಿಗೆ, ಅಂದರೆ ರವೆಯ ಉಪ್ಪಿಟ್ಟು ಸೇರಿಕೊಂಡಿತು. ರವೆ ಗೋಧಿಯದು, ಗೋಧಿ ಕರಾವಳಿಯಲ್ಲಿ ಬೆಳೆಯುವ ಧಾನ್ಯವಲ್ಲ. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವ, ಪಡಿತರದ ಗೋಧಿ, ಪೇಟೆಯ ಹೋಟೆಲು ಇವೆಲ್ಲ ಸೇರಿ ಅನ್ನದ ನಾಡಿನವರಿಗೆ ಗೋಧಿಯ ರುಚಿ ಹಿಡಿಸಿದವು. ಸಜ್ಜಿಗೆ-ಬಜಿಲ್ ಜೋಡಿ ಇಂದು ನಮ್ಮ ಜಿಲ್ಲೆಯ ಗುರುತೇ ಆಗಿಬಿಟ್ಟಿದೆ.

ಎಲೆಯ ಕಟ್ಟಿನ ಜಾಗಕ್ಕೆ ಟಿಫಿನ್ ಕ್ಯಾರಿಯರ್ ಬಂತು. ಮೊದಲು ಹಿತ್ತಾಳೆಯದು, ಆಮೇಲೆ ಸ್ಟೀಲಿನದು. ಹಿತ್ತಾಳೆಗೆ ಕಲಾಯಿ ಹೋದರೆ ಹುಳಿ ಪದಾರ್ಥ ಕಿಲುಬುತ್ತಿತ್ತು. ಸ್ಟೀಲಿಗೆ ಆ ತಾಪತ್ರಯವಿಲ್ಲ. ಆದ್ದರಿಂದ ಸಾರು, ಮಜ್ಜಿಗೆಹುಳಿಯಂತಹ ದ್ರವ ಪದಾರ್ಥಗಳೂ ಪ್ರಯಾಣ ಮಾಡಲು ಕಲಿತವು. ಬಸ್ಸಿನ ಕುಲುಕಾಟಕ್ಕೆ ಅವು ಪಕ್ಕದವರ ಪಂಚೆಯ ಮೇಲೆ ಚೆಲ್ಲಿದ ಪ್ರಸಂಗಗಳು ನಿಮ್ಮ ಮನೆಯಲ್ಲೂ ಇರಬಹುದು.

ಅಮ್ಮನ ತಲೆಮಾರಿನ ಇನ್ನೊಂದು ದೊಡ್ಡ ಬದಲಾವಣೆ ಅಡುಗೆಮನೆಯ ಹೊರಗೆ ನಡೆಯಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಕೈಯಲ್ಲಿ ನಾಲ್ಕು ಕಾಸು ಕಂಡರು. ಕೆಲವು ಮನೆಗಳಿಗೆ ಮುಂಬಯಿಯಿಂದ, ಆಮೇಲೆ ಕೊಲ್ಲಿ ದೇಶಗಳಿಂದ ಹಣ ಬರತೊಡಗಿತು. ಬಸ್ಸಿನ ಟಿಕೇಟಿಗೆ ದುಡ್ಡು, ಭಾನುವಾರ ಎಂಬ ರಜೆ, ಶಾಲೆಗೆ ಹೋಗುವ ಮಕ್ಕಳು: ಈ ಮೂರು ಒಟ್ಟಾದಾಗ ದೇವರ ನೆಪವಿಲ್ಲದೆಯೂ ಮನೆಮಂದಿ ಹೊರಡಬಹುದೆಂಬ ಯೋಚನೆ ಹುಟ್ಟಿತು. ಪಿಕ್‌ನಿಕ್ ಎಂಬ ಶಬ್ದ ನಮ್ಮ ಹಳ್ಳಿಗಳಿಗೆ ನಿಜವಾಗಿ ಇಳಿದು ಬಂದದ್ದು ಆಗ.

ಬುತ್ತಿಯ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ಬುತ್ತಿ ಎಂಬುದು ಒಂದು ಬೇಲಿಯೂ ಆಗಿತ್ತು. ಹೊರಗೆ ಯಾರ ಕೈಯ ಅನ್ನ ಉಣ್ಣಬೇಕಾದೀತೋ ಎಂಬ ಅಳುಕು ಎಷ್ಟೋ ಮನೆಗಳವರಿಗೆ ಗಂಟು ಕಟ್ಟಲು ಒಂದು ಕಾರಣ. ಒಂದೇ ಅಶ್ವತ್ಥದ ನೆರಳಿನಲ್ಲಿ ನಾಲ್ಕು ಸಂಸಾರಗಳು ನಾಲ್ಕು ದಿಕ್ಕಿಗೆ ಬೆನ್ನು ಹಾಕಿ ಉಣ್ಣುತ್ತಿದ್ದವು. ಆ ಬೇಲಿಯನ್ನು ಮೊದಲು ದಾಟಿದವರು ಮಕ್ಕಳು. ಶಾಲೆಯ ಪ್ರವಾಸದಲ್ಲಿ ಡಬ್ಬಿಗಳ ಮುಚ್ಚಳ ತೆಗೆದ ಕೂಡಲೇ ಕಡುಬಿಗೆ ಪ್ರತಿಯಾಗಿ ರೊಟ್ಟಿ, ರೊಟ್ಟಿಗೆ ಪ್ರತಿಯಾಗಿ ಬನ್ಸು ಕೈ ಬದಲಾದವು. ಪಕ್ಕದ ಮನೆಯ ಅಡುಗೆಯ ರುಚಿಯನ್ನು ನಮ್ಮಲ್ಲಿ ಎಷ್ಟೋ ಜನ ಮೊದಲು ಕಂಡದ್ದು ಸಾವಿರ ಕಂಬದ ಬಸದಿಯ ಜಗಲಿಯ ಹತ್ತಿರವೋ ಕಾರಿಂಜದ ಮೆಟ್ಟಿಲ ಮೇಲೋ ಇರಬೇಕು. ಕಾರಿಂಜದಲ್ಲಾದರೆ ಆ ವಿನಿಮಯದಲ್ಲಿ ಕೋತಿಗಳಿಗೂ ಪಾಲಿತ್ತು!

ವ್ಯಾನಿನ ಕಾಲದ ಪುಲಾವು

ನಾನು ಹುಡುಗನಾಗಿದ್ದ ಎಂಬತ್ತರ ಕೊನೆ, ತೊಂಬತ್ತರ ದಶಕದಲ್ಲಿ ಬಾಡಿಗೆ ವ್ಯಾನುಗಳು ಬಂದವು. ಈಗ ದಾರಿ ಮಾತ್ರವಲ್ಲ, ಹೊತ್ತೂ ನಮ್ಮ ಕೈಗೆ ಬಂತು. ಇಡೀ ಕುಟುಂಬದ ಇಪ್ಪತ್ತು ಮಂದಿ ಒಂದೇ ವಾಹನದಲ್ಲಿ. ಇಷ್ಟು ಜನಕ್ಕೆ ಚಿಕ್ಕ ಚಿಕ್ಕ ಕಟ್ಟು ಕಟ್ಟುವ ತಾಳ್ಮೆ ಯಾರಿಗೂ ಇರಲಿಲ್ಲ. ದೊಡ್ಡ ಪಾತ್ರೆಯ ತುಂಬ ತರಕಾರಿ ಪುಲಾವು, ಇನ್ನೊಂದು ಪಾತ್ರೆಯಲ್ಲಿ ಮೊಸರು ಬಜ್ಜಿ, ಮೇಲೆ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ. ಜೊತೆಗೆ ಬೇಕರಿಯ ಕೇಕು, ಚಿಪ್ಸು. 1986ರಲ್ಲಿ ಪಕ್ಕದ ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆ ಚಾಕಲೇಟು ಕಾರ್ಖಾನೆ ತೆರೆದ ಮೇಲೆ, ನಮ್ಮದೇ ತೋಟದ ಕೋಕೋ ಬೀಜ ಹೊಳೆಯುವ ಕಾಗದ ಸುತ್ತಿಕೊಂಡು ನಮ್ಮ ಪಿಕ್‌ನಿಕ್ಕಿಗೆ ಹಿಂತಿರುಗಿತು. ಮಂಗಳೂರಿನ ಮೇಲೆ ಹಾದು ಬಂದರೆ ಐಡಿಯಲ್ ಐಸ್‌ಕ್ರೀಮು ತಪ್ಪುತ್ತಿರಲಿಲ್ಲ. 1975ರಲ್ಲಿ ಆರಂಭವಾದ ಆ ಅಂಗಡಿ ನಮ್ಮ ತಲೆಮಾರಿನ ಎಷ್ಟೋ ಪ್ರವಾಸಗಳ ಕೊನೆಯ ನಿಲ್ದಾಣ.

ಅಂತಹ ಒಂದು ಪ್ರವಾಸ ವೇಣೂರಿಗೆ. ಫಲ್ಗುಣಿ ನದಿಯ ದಡದಲ್ಲಿ 1604ರಲ್ಲಿ ಅಜಿಲ ಅರಸು ತಿಮ್ಮಣ್ಣ ನಿಲ್ಲಿಸಿದ ಗೊಮ್ಮಟನನ್ನು ನೋಡಿ, ಹೊಳೆಯಲ್ಲಿ ಆಡಿ, ಒಂದೂವರೆಗೆ ಊಟಕ್ಕೆ ಕುಳಿತೆವು. ಪುಲಾವಿನ ಮುಚ್ಚಳ ತೆಗೆದರೆ ವಾಸನೆಯೇ ಬೇರೆ! ಅನ್ನ ಅಂಟಂಟಾಗಿತ್ತು. ಬೆಳಗ್ಗೆ ಐದಕ್ಕೆ ಬಿಸಿಬಿಸಿಯಾಗಿ ತುಂಬಿ, ಬಿಗಿಯಾಗಿ ಮುಚ್ಚಿ, ವ್ಯಾನಿನ ಹಿಂಬದಿಯ ಸೆಕೆಯಲ್ಲಿ ಇಟ್ಟದ್ದೇ ತಪ್ಪಾಗಿತ್ತು.

ಇದರ ವಿಜ್ಞಾನ ನನಗೆ ತಿಳಿದದ್ದು ಹತ್ತು ವರ್ಷ ಕಳೆದ ಮೇಲೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರುವುದುಂಟು. ಅನ್ನ ಬೇಯುವ ಶಾಖಕ್ಕೆ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಮೊಳೆತು ಹೆಚ್ಚುತ್ತವೆ, ವಿಷವನ್ನೂ ಬಿಡುತ್ತವೆ. ದೊಡ್ಡ ಪಾತ್ರೆಯ ನಡುಭಾಗ ಬೇಗ ಆರುವುದಿಲ್ಲ. ಬೆಂದ ತರಕಾರಿಯ ತೇವ ಬೇರೆ, ಹುಳಿಯ ರಕ್ಷಣೆಯೂ ಇಲ್ಲ. ಹದಿನಾಲ್ಕು ಗಂಟೆಯ ದಾರಿಯನ್ನು ಗೆದ್ದ ಅಜ್ಜಿಯ ವಿದ್ಯೆಯನ್ನು ನಾವು ಒಂದು ಗಂಟೆಯ ದಾರಿಯೆಂಬ ಧೈರ್ಯದಲ್ಲಿ ಮರೆತಿದ್ದೆವು. ದಾರಿ ಗಿಡ್ಡವಾಗಿತ್ತು ನಿಜ. ಆದರೆ ಕಟ್ಟಿದ ಹೊತ್ತಿಗೂ ಬಿಚ್ಚಿದ ಹೊತ್ತಿಗೂ ನಡುವೆ ಎಂಟೂವರೆ ಗಂಟೆ ಕಳೆದಿತ್ತು.

ಆ ದಿನ ನಮ್ಮನ್ನು ಉಳಿಸಿದ್ದು ಅಮ್ಮನ ಇನ್ನೊಂದು ಪಾತ್ರೆ. ಯಾವುದಕ್ಕೂ ಇರಲಿ ಎಂದು ಅವರು ಆರಿದ ಅನ್ನವನ್ನು ಹಿಸುಕಿ, ಕಾಯಿಸಿ ತಣಿಸಿದ ಹಾಲು ಸುರಿದು, ಒಂದೇ ಒಂದು ಚಮಚ ಮೊಸರು ಸೇರಿಸಿ ತಂದಿದ್ದರು. ಬೆಳಗ್ಗೆ ಅದು ಹಾಲನ್ನ. ಮಧ್ಯಾಹ್ನಕ್ಕೆ ವ್ಯಾನಿನ ಅದೇ ಸೆಕೆ ಅದನ್ನು ಹದವಾದ ಮೊಸರನ್ನ ಮಾಡಿತ್ತು. ಪುಲಾವನ್ನು ಕೆಡಿಸಿದ ಶಾಖವೇ ಇಲ್ಲಿ ಅಡುಗೆಯ ಸಹಾಯಕ್ಕೆ ಬಂದಿತ್ತು. ಮಿಡಿ ಉಪ್ಪಿನಕಾಯಿ, ದಾರಿಯಲ್ಲಿ ಕೊಂಡ ಅನಾನಸು, ಆ ಮೊಸರನ್ನ: ಇಪ್ಪತ್ತು ಜನಕ್ಕೆ ಒಂದೊಂದು ಹಿಡಿ. ಪುಲಾವು ಬೇಕೆಂದು ಹಟ ಹಿಡಿದಿದ್ದ ದೊಡ್ಡವರು ಆ ದಿನ ಹೆಚ್ಚು ಮಾತಾಡಲಿಲ್ಲ.

ಈಗಿನ ಕಥೆ

ನನ್ನ ಮಕ್ಕಳ ಕಾಲಕ್ಕೆ ಬುತ್ತಿಯ ಪ್ರಶ್ನೆಯೇ ಏಳುವುದಿಲ್ಲ. ಬಿ.ಸಿ. ರೋಡಿನಿಂದ ಉಜಿರೆಯವರೆಗೆ ದಾರಿಯುದ್ದಕ್ಕೂ ಹೋಟೆಲುಗಳಿವೆ. ಎಷ್ಟು ಹೊತ್ತಿಗೆ ಬಿಚ್ಚುವುದು ಎಂಬ ಪ್ರಶ್ನೆಯ ಬದಲು ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಬಂದಿದೆ. ಗೋಬಿ ಮಂಚೂರಿ, ಫ್ರೈಡ್ ರೈಸು, ಬಿರಿಯಾನಿಯ ಪೊಟ್ಟಣ, ಬಾಟಲಿಯ ನೀರು. ಇದರಲ್ಲಿ ತಪ್ಪೇನೂ ಇಲ್ಲ. ಯಾರ ಕೈಯಡುಗೆ ಎಂದು ಕೇಳದೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವಂತಾದದ್ದು ಸಣ್ಣ ಗಳಿಕೆಯಲ್ಲ.

ಕಳೆದುಕೊಂಡದ್ದೂ ಕಣ್ಣಿಗೆ ಕಾಣುವಂತಿದೆ. ಉಂಡು ಬಿಟ್ಟ ಎಲೆ ಒಂದು ಮಳೆಗಾಲದಲ್ಲಿ ಮಣ್ಣಾಗುತ್ತಿತ್ತು. ಈಗ ಬಿಟ್ಟುಬಂದ ಪೊಟ್ಟಣ ನಮ್ಮ ಮೊಮ್ಮಕ್ಕಳಿಗೂ ಸಿಕ್ಕೀತು. ಕರ್ನಾಟಕ ಸರಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ ಹೊಳೆಬದಿಯ ಕಲ್ಲುಸಂದಿಗಳನ್ನು ನೀವೇ ನೋಡಿದ್ದೀರಿ.

ಒಂದು ಸಂಗತಿ ಮಾತ್ರ ಮನಸ್ಸಿಗೆ ಹಿತವೆನಿಸುತ್ತದೆ. ಒಂದು ಕಾಲಕ್ಕೆ ಅಂಗಳದಾಚೆ ಕುಳಿತವರ ಪಾತ್ರೆಯಾಗಿದ್ದ ಅಡಿಕೆ ಹಾಳೆ, ಈಗ ಯಂತ್ರದಲ್ಲಿ ಒತ್ತಿದ ತಟ್ಟೆಯಾಗಿ ಮದುವೆ ಮನೆಯ ಮೊದಲ ಪಂಕ್ತಿಗೂ ಬಂದಿದೆ, ವಿದೇಶಕ್ಕೂ ಹೋಗುತ್ತಿದೆ.

ಪಾತ್ರೆ ಕಾದವರು

ಈಗ ಆರಂಭದ ಮೂರನೆಯ ಪ್ರಶ್ನೆಗೆ ಬರೋಣ.

ಬೆಳ್ತಂಗಡಿಯ ಹತ್ತಿರದ ಗಡಾಯಿಕಲ್ಲನ್ನು ನೀವು ಬಲ್ಲಿರಿ. ದೂರದಿಂದಲೇ ಗುರುತು 잡...